ಆಟಿಯಿಂದ ಹಿಂದಕ್ಕೆ ಎಣಿಸಿದರೆ

ಕಳೆದ ಭಾನುವಾರ ಬೆಳಿಗ್ಗೆ ಒಂದು ಚೀನಿಕಾಯಿ ಹೋಳು ಮಾಡಿ, ಅದರ ಬೀಜಗಳನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿಕೊಂಡು ಮಗಳೂ ನಾನೂ ಎಣಿಸಲು ಕೂತೆವು. 214. ಎರಡು ಸಲ ಎಣಿಸಿದೆವು, ಮೊದಲ ಸಲ ಮಗಳಿಗೆ 211 ಬಂದಿತ್ತು. ಇಷ್ಟು ವಯಸ್ಸಾದ ಮೇಲೆ ಕುಂಬಳದ ಬೀಜ ಎಣಿಸಿ ಖುಷಿಪಡುವ ಸ್ಥಿತಿಗೆ ನಾನು ಬಂದದ್ದು ಹೇಗೆ ಎನ್ನುವುದೇ ಈ ಸಲದ ಅಂಕಣ. ಹೈವೇಯ ಟ್ರಾಫಿಕ್ಕಿನ ಗೋಳು ಮುಂದಿನ ಸಲಕ್ಕಿರಲಿ, ಅದೇನು ಓಡಿಹೋಗುವುದಿಲ್ಲ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡುತ್ತೇನೆ. ನಮ್ಮ ವಿಟ್ಲದ ಕಡೆ ಚೀನಿಕಾಯಿ ಎನ್ನುವುದನ್ನು ನಿಮ್ಮಲ್ಲಿ ಹೆಚ್ಚಿನವರು ಸಿಹಿಕುಂಬಳ ಅಥವಾ ಬರೀ ಕುಂಬಳಕಾಯಿ ಎನ್ನುತ್ತೀರಿ. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯ ಕಾಯಿ ಬೇರೆ, ಅದು ಬೂದುಗುಂಬಳ. ಅದರ ಬೂದಿ ಹೆಗಲಿಗೆ ಅಂಟಿದರೆ ಮಾತ್ರ ಗಾದೆಗೆ ಅರ್ಥ. ಬೂದುಗುಂಬಳ ಏಷ್ಯಾದ್ದೇ. ಚೀನಿಕಾಯಿಯ ಮೂಲ ಅಮೆರಿಕ ಖಂಡ. ಮೆಣಸಿನಕಾಯಿಯಂತೆ ಇದೂ ಕಡಲು ದಾಟಿ ಬಂದು ನಮ್ಮದೇ ಆಗಿಹೋಯಿತು. ಇಲ್ಲಿ ಚಾಕಣದಲ್ಲಿ ಇದು ಲಾಲ್ ಭೋಪಳಾ, ಹಳಬರ ಬಾಯಲ್ಲಿ ಡಾಂಗರ. ಬಂದ ಹೊಸತರಲ್ಲಿ ಸಂತೆಯಲ್ಲಿ ‘ಲಾಲ್’ ಸೇರಿಸದೆ ಬರೀ ಭೋಪಳಾ ಕೇಳಿ, ಸೋರೆಕಾಯಿ ಹಿಡಿದುಕೊಂಡು ಮನೆಗೆ ಬಂದದ್ದೂ ಇದೆ.

ಊರಿನ ನಮ್ಮ ಮನೆಯಲ್ಲಿ ಮಳೆಗಾಲದ ತರಕಾರಿ ಅಂಗಡಿ ಎಂದರೆ ಅಡಿಗೆಮನೆಯ ಮಾಡು. ಒಲೆಯ ಮೇಲ್ಗಡೆ ಪಕಾಸಿಗೆ ಅಡ್ಡ ಕಟ್ಟಿದ ಬಿದಿರು. ಅದರಿಂದ ಬಾಳೆನಾರಿನಲ್ಲಿ ನೇತುಹಾಕಿದ ಮಂಗಳೂರು ಸೌತೆಯ ಸಾಲು, ಪಕ್ಕದಲ್ಲಿ ಚೀನಿಕಾಯಿ, ಬೂದುಗುಂಬಳ. ಒಂದಕ್ಕೊಂದು ತಾಗುವ ಹಾಗಿಲ್ಲ. ಮಾರ್ಚ್‌ನಿಂದ ಮೇ ತನಕ ಮಾಡು ತುಂಬುತ್ತಾ ಹೋಗುತ್ತದೆ, ಜೂನ್‌ನಿಂದ ಖಾಲಿಯಾಗುತ್ತಾ ಬರುತ್ತದೆ. ನಾನು ಚಿಕ್ಕವನಿದ್ದಾಗ ತಿಂಗಳು ತಿಳಿಯಲು ಕ್ಯಾಲೆಂಡರ್ ಬೇಕಿರಲಿಲ್ಲ, ತಲೆ ಎತ್ತಿ ನೋಡಿದರೆ ಸಾಕಿತ್ತು.

ಖಾಲಿಯಾಗಬಾರದ ತಿಂಗಳು ಒಂದೇ: ಆಟಿ. ತುಳುನಾಡಿನ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಗದ್ದೆಯ ಕೆಲಸ ಮುಗಿದಿರುತ್ತದೆ, ಬೆಳೆ ಬಂದಿರುವುದಿಲ್ಲ, ಹಳೆಯ ಅಕ್ಕಿ ತಳ ಕಂಡಿರುತ್ತದೆ, ಮಳೆ ಬಿಡುವುದಿಲ್ಲ. ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ಹಾಕಿದ ಬೆಂಡೆ, ಹೀರೆ ಇನ್ನೂ ಕೈಗೆ ಸಿಕ್ಕಿರುವುದಿಲ್ಲ. ಆಗ ಕೆಸು, ತಜಂಕ್, ಕಣಿಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಇವತ್ತು ಬೆಂಗಳೂರಿನ, ಮುಂಬಯಿಯ ನಮ್ಮ ಸಂಘಗಳು ‘ಆಟಿಡೊಂಜಿ ದಿನ’ ಎಂದು ಹಬ್ಬ ಮಾಡಿ ಇದನ್ನೇ ಬಫೆಯಲ್ಲಿ ಇಡುತ್ತವೆ. ನನಗೇನೂ ತಕರಾರಿಲ್ಲ, ಎರಡು ಸಲ ಬಡಿಸಿಕೊಂಡೇ ಬಂದಿದ್ದೇನೆ. ಆದರೆ ಅದು ಬೇರೇನೂ ಇಲ್ಲದಾಗಿನ ಊಟ. ಆ ದಿನಗಳಲ್ಲಿ ಮಾಡಿನಿಂದ ಒಂದು ಚೀನಿಕಾಯಿ ಇಳಿದರೆ ನಾಲ್ಕು ದಿನಕ್ಕೆ ದಾರಿಯಾಯಿತು. ಮೊದಲ ದಿನ ಪಲ್ಯ, ಮರುದಿನ ಹುಳಿ, ಸಿಪ್ಪೆಯ ಚಟ್ನಿ, ತಿರುಳಿನ ತಂಬುಳಿ. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ ಡಬ್ಬಿಗೆ.

ಆ ಡಬ್ಬಿಯ ಬೀಜದ ವಂಶ ನಮ್ಮ ಮನೆಯಲ್ಲಿ ಎಷ್ಟು ಹಳೆಯದೋ, ಅಜ್ಜಿ ಮದುವೆಯಾಗಿ ಬರುವಾಗಲೇ ಇತ್ತಂತೆ. ಚಪ್ಪಟೆ, ಏಣು ಏಣಿನ ಕಾಯಿ. ಒಳಗೆ ಕೇಸರಿ, ನೀರು ಕಡಿಮೆ. ವರ್ಷ ವರ್ಷ ಅದೇ ಬೀಜ, ಅದೇ ಕಾಯಿ. ಅದು ನಿಂತದ್ದು ಮಂಗಗಳಿಂದ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹೂ ಬಿಟ್ಟರೆ ಹೂ, ಹೀಚು ಬಿಟ್ಟರೆ ಹೀಚು. ಅಮ್ಮ ಎರಡು ವರ್ಷ ಬಲೆ ಕಟ್ಟಿ, ಡಬ್ಬ ಬಡಿದು ನೋಡಿದರು. ಮೂರನೆಯ ವರ್ಷ ಕೈಗೆ ಬಂದದ್ದು ಒಂದೇ ಕಾಯಿ. ಡಬ್ಬಿಯ ಹಳೆಯ ಬೀಜಕ್ಕೆ ಹುಳ ಬಿದ್ದಿತ್ತು. “ನೀನೇ ತೆಕ್ಕೊಂಡು ಹೋಗು ಮಾರಾಯ, ಅಲ್ಲಿ ಮಂಗ ಇಲ್ಲವಲ್ಲ” ಎಂದು ಆ ಒಂದನ್ನು ನನ್ನ ಚೀಲದ ಪಕ್ಕ ಇಟ್ಟರು. ಎರಡು ಸಲ ಹೇಳಿದ್ದು ಒಂದೇ ಮಾತು, ತೊಟ್ಟು ಹಿಡಿದು ಎತ್ತಬೇಡ ಅಂತ.

ನಾನು ಎತ್ತಲಿಲ್ಲ. ಬಸ್ಸಿನ ಡಿಕ್ಕಿಯಿಂದ ಸಾಮಾನು ಇಳಿಸುವ ಹುಡುಗ ಎತ್ತಿದ. ಪುಣೆಯಲ್ಲಿ ಬೆಳಗ್ಗಿನ ಜಾವ, ಹಿಂದೆ ಇನ್ನೊಂದು ಬಸ್ಸು ಹಾರ್ನ್ ಹಾಕುತ್ತಿತ್ತು. ತೊಟ್ಟು ಅವನ ಕೈಯಲ್ಲಿ ಉಳಿಯಿತು, ಕಾಯಿ ನೆಲದಲ್ಲಿ. ಒಡೆಯಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡು ತಂದು ಅಡಿಗೆಕಟ್ಟೆಯ ಗ್ರಾನೈಟಿನ ಮೇಲೆ ಇಟ್ಟೆ. ಮೂರು ವಾರಕ್ಕೆ ಮನೆಯೆಲ್ಲ ಹುಳಿ ವಾಸನೆ. ಎತ್ತಿದರೆ ಅಡಿಯಿಂದ ನೀರು ಸೋರಿತು, ಹೋಳು ಮಾಡಿದರೆ ಒಳಗೆ ಗಂಜಿ. ಅದರಲ್ಲಿ ಕೈಯಾಡಿಸಿ, ತೊಳೆದು, ಗಟ್ಟಿ ಬೀಜ ಆರಿಸಿ ತೆಗೆದಾಗ ಸಿಕ್ಕಿದ್ದು 38.

ತೊಟ್ಟು ಮುರಿದ ಜಾಗ ಕಾಯಿಗೆ ಬಾಗಿಲು ಇದ್ದ ಹಾಗೆ. ಅಲ್ಲಿಂದಲೇ ಕೊಳೆರೋಗ ಒಳಹೋಗುವುದು. ಬೆಳೆದ ಚೀನಿಕಾಯಿಯ ಸಿಪ್ಪೆ ಉಗುರಿಗೆ ಬಗ್ಗುವುದಿಲ್ಲ, ತೊಟ್ಟು ಒಣಗಿ ಬೆಂಡಿನಂತಾಗಿರುತ್ತದೆ. ಇವೆರಡು ಸರಿ ಇದ್ದರೆ ಕಾಯಿ ತಿಂಗಳುಗಟ್ಟಲೆ ಕೂರುತ್ತದೆ, ಒಂದು ಹೋದರೆ ಲೆಕ್ಕ ವಾರಕ್ಕಿಳಿಯುತ್ತದೆ. ಸೂಪರ್‌ಮಾರ್ಕೆಟ್‌ಗಳಲ್ಲಿ ತೊಟ್ಟು ನುಣ್ಣಗೆ ತೆಗೆದು ಇಡುತ್ತಾರಲ್ಲ, ನೋಡಲು ಚೆಂದ. ಅದನ್ನು ಆ ವಾರವೇ ತಿಂದು ಮುಗಿಸಿ.

ಆ 38 ಬೀಜ ಹಿಡಿದುಕೊಂಡು ನಾನು ಮಾಡಿದ ಮೊದಲ ಬುದ್ಧಿವಂತಿಕೆ, ಅಮ್ಮನ ಕ್ಯಾಲೆಂಡರನ್ನು ಹಾಗೆಯೇ ಇಲ್ಲಿ ಅಂಟಿಸಿದ್ದು. ಊರಲ್ಲಿ ಚೀನಿಕಾಯಿ ಬೀಜ ಹಾಕುತ್ತಿದ್ದುದು ಡಿಸೆಂಬರ್ ಮೂರನೆಯ ವಾರ. ಬಿಸು ಹೊತ್ತಿಗೆ ಕಣಿಗೆ ಇಡಲು ಮೊದಲ ಕಾಯಿ, ಏಪ್ರಿಲ್ ಮುಗಿಯುವ ಮುಂಚೆ ಉಳಿದದ್ದು ಮಾಡಿಗೆ. ನಾವು ಬಾಡಿಗೆಗಿರುವ ಮನೆಯ ಹಿಂದೆ ಯಜಮಾನರ ಅರ್ಧ ಗುಂಟೆ ಜಾಗ ಖಾಲಿ ಬಿದ್ದಿತ್ತು. ಅವರ ತಾಯಿಯನ್ನು ಕೇಳಿ, ಗುಂಡಿ ತೋಡಿ, ಸಗಣಿಗೊಬ್ಬರ ಹಾಕಿ, ಡಿಸೆಂಬರ್ 20ಕ್ಕೆ 12 ಬೀಜ ಊರಿದೆ. ಆಜಿ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ನೋಡುತ್ತಿದ್ದರು. “ಈ ಥಂಡಿಯಲ್ಲಾ, ಬಾಳಾ?” ಎಂದರು. ಎಂಬತ್ತು ದಾಟಿದವರಿಗೆ ಚಳಿ ಜಾಸ್ತಿ ಎಂದುಕೊಂಡೆ.

ಕರಾವಳಿಯಲ್ಲಿ ಡಿಸೆಂಬರ್ ಎಂದರೆ ಬೆಳಿಗ್ಗೆ ಒಂದಿಷ್ಟು ಇಬ್ಬನಿ, ಅಷ್ಟೆ. ಇಲ್ಲಿ ಘಟ್ಟದ ಮೇಲೆ ರಾತ್ರಿ ಎಂಟು, ಹತ್ತು ಡಿಗ್ರಿಗೆ ಇಳಿಯುತ್ತದೆ. ಕುಂಬಳದ ಬೀಜಕ್ಕೆ ಮಣ್ಣು ಬೆಚ್ಚಗಿರಬೇಕು. ಇಪ್ಪತ್ತೈದು ಮೂವತ್ತು ಡಿಗ್ರಿಯಲ್ಲಿ ವಾರದಲ್ಲಿ ಮೊಳೆಯುವುದು, ಹದಿನೈದರ ಕೆಳಗೆ ಸುಮ್ಮನೆ ಮಲಗುತ್ತದೆ. ಮಲಗಿದ್ದಕ್ಕೆ ನೀರು ಹಾಕುತ್ತಾ ಹೋದರೆ ಕೊಳೆಯುತ್ತದೆ. ನಾನು ದಿನಾ ಹಾಕಿದೆ. 12ರಲ್ಲಿ ಮೂರು ಎದ್ದವು, ಅದೂ ಮೂರು ವಾರ ಕಳೆದು. ಹಳದಿ ಬಣ್ಣ, ಎರಡೇ ಎಲೆ. ಜನವರಿ ಮುಗಿಯುವಾಗ ಅವೂ ಇರಲಿಲ್ಲ. ಉಳಿದದ್ದು 26.

ಎರಡನೆಯ ಬುದ್ಧಿವಂತಿಕೆ, ‘ಇಲ್ಲಿಯವರು ಮಾಡಿದಂತೆ ಮಾಡುವುದು’. ಆಜಿ ಬೇಲಿಯ ಮೇಲೆ ಭೋಪಳಾ ಹಬ್ಬಿಸುವುದು ಜೂನ್‌ನಲ್ಲಿ, ಮೊದಲ ಮಳೆಗೆ. ನಾನೂ 14 ಬೀಜ ಹಾಕಿದೆ. ನೀರು ಹಾಕುವ ತಾಪತ್ರಯವಿಲ್ಲ, ಬಳ್ಳಿ ಸಿಕ್ಕಿದ್ದಕ್ಕೆಲ್ಲ ಹತ್ತಿತು, ಯಜಮಾನರ ಹಳೆಯ ಬುಲೆಟ್ಟಿನ ಹ್ಯಾಂಡಲ್‌ಗೂ. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಅಮ್ಮ ಕೇಳಿದ್ದು ಒಂದೇ: “ಇದನ್ನು ತಿನ್ನುವುದು ಯಾವಾಗ?” ಆಗ ಆ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಬಂದಾಗ ತಿನ್ನುವುದು, ಇನ್ನೇನು.

ಕುಂಬಳದ ಹೂ ಅರಳುವುದು ಬೆಳಗ್ಗೆ ಬೆಳಕು ಹರಿಯುವಾಗ, ಮುಚ್ಚಿಕೊಳ್ಳುವುದು ಬಿಸಿಲೇರುವಾಗ. ಹೆಣ್ಣು ಹೂ ಬೇರೆ, ಗಂಡು ಹೂ ಬೇರೆ. ಆ ನಾಲ್ಕೈದು ಗಂಟೆಯೊಳಗೆ ಜೇನು ಬರಬೇಕು. ಜುಲೈ ಆಗಸ್ಟ್‌ನ ಬೆಳಗುಗಳಲ್ಲಿ ಮಳೆಗೆ ಜೇನು ಹೊರಡುವುದಿಲ್ಲ, ಹೂವಿನೊಳಗೆ ನೀರು ನಿಂತು ಹೀಚು ಕರಗುತ್ತದೆ. ಕಟ್ಟಿದ ಹೀಚಿಗೆ ಹಣ್ಣುನೊಣ ಚುಚ್ಚಿ ಮೊಟ್ಟೆ ಇಡುತ್ತದೆ. ಕೊನೆಗೆ ಉಳಿದದ್ದು ನಾಲ್ಕು ಕಾಯಿ. ಅಕ್ಟೋಬರ್ ಮೊದಲ ವಾರ, ಮೂರು ದಿನ ಸುರಿದ ಮಳೆ ನಿಂತ ಮರುದಿನವೇ ಕೊಯ್ದೆ. ನೀರು ಕುಡಿದು ಉಬ್ಬಿದ್ದವು. ಬಾಲ್ಕನಿಯ ಸಿಮೆಂಟಿನ ಮೇಲೆ ಪಕ್ಕ ಪಕ್ಕ ಸಾಲಾಗಿ ಜೋಡಿಸಿದೆ. ದೀಪಾವಳಿಗೆ ಎರಡು ಹೋಗಿದ್ದವು.

ಉಳಿದ ಎರಡನ್ನು ಬೀಜಕ್ಕಾದರೂ ಇಡೋಣ ಎಂದರೆ ಅದರಲ್ಲಿಯೂ ಒಂದು ಎಡವಟ್ಟು. ಆಜಿಯ ಭೋಪಳಾ ನನ್ನ ಬಳ್ಳಿಯಿಂದ ಹತ್ತು ಹೆಜ್ಜೆಯಲ್ಲಿತ್ತು. ಜೇನಿಗೆ ಬೇಲಿ ಇಲ್ಲ. ಅಲ್ಲಿಯ ಪರಾಗ ಇಲ್ಲಿಯ ಹೂವಿಗೆ ಬಿದ್ದರೆ ಈ ವರ್ಷದ ಕಾಯಿಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ, ರುಚಿಯೂ ಅದೇ. ವ್ಯತ್ಯಾಸ ಬೀಜದೊಳಗೆ. ಮುಂದಿನ ವರ್ಷ ಹಾಕಿದಾಗ ಬರುವುದು ಅಜ್ಜಿಯ ಏಣಿನ ಕಾಯಿಯೂ ಅಲ್ಲ, ಆಜಿಯ ದುಂಡು ಕಾಯಿಯೂ ಅಲ್ಲ. ಎರಡನ್ನೂ ತಿಂದು ಮುಗಿಸಿದೆವು. ಡಬ್ಬಿಯಲ್ಲಿ 12.

ಪೇಟೆಯಲ್ಲಿ ಬೀಜವಿಲ್ಲವೆ ಎಂದು ನೀವು ಕೇಳಬಹುದು. ಇದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್, ಎರಡು ಮೂರು ಕಿಲೋದ ಹದವಾದ ಕಾಯಿ, ತಿರುಳೂ ಒಳ್ಳೆಯದು. ಹೊಸದಾಗಿ ಹಾಕುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ನನ್ನ ಸಂಕಟ ತರಕಾರಿಯದಲ್ಲ. ಅಮ್ಮ ಒಂದೇ ಒಂದನ್ನು ನಂಬಿ ಕೊಟ್ಟಿದ್ದರು, ಬಸ್ಸಿನಿಂದ ಶುರುವಾಗಿ ಅದನ್ನು ಮುಗಿಸುತ್ತಾ ಬರುತ್ತಿದ್ದೆ. ಫೋನಿನಲ್ಲಿ ಅಮ್ಮ ಬೀಜದ ವಿಚಾರ ಎತ್ತುತ್ತಿರಲಿಲ್ಲ. ಅದು ಇನ್ನೂ ಕಷ್ಟ.

ನನಗೆ ಬುದ್ಧಿ ಬಂದದ್ದು ಈರುಳ್ಳಿಯಿಂದ.

ಚಾಕಣ ಎಂದರೆ ಹೊರಗಿನವರಿಗೆ ವಾಹನಗಳ ಕಾರ್ಖಾನೆಗಳು. ಅದಕ್ಕೆ ಮುಂಚಿನ ಹೆಸರು ಕಾಂದಾ, ಬಟಾಟೆಯ ಪೇಟೆಯದ್ದು, ಅದು ಈಗಲೂ ಇದೆ. ಇಲ್ಲಿಂದ ನಾಸಿಕ ರಸ್ತೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ರಾಜಗುರುನಗರ. ಈರುಳ್ಳಿ, ಬೆಳ್ಳುಳ್ಳಿಗೆಂದೇ ಇರುವ ಕೇಂದ್ರ ಸರ್ಕಾರದ ಸಂಶೋಧನಾ ನಿರ್ದೇಶನಾಲಯ ಇರುವುದು ಅಲ್ಲಿ. ನಾಸಿಕದಲ್ಲಿ 1994ರಲ್ಲಿ ಶುರುವಾಗಿ 1998ರಲ್ಲಿ ಇಲ್ಲಿಗೆ ಬಂತು. ಭೀಮಾ ಶಕ್ತಿ, ಭೀಮಾ ಕಿರಣ್ ಮುಂತಾದ ತಳಿಗಳಿಗೆ ಇಲ್ಲಿ ಹರಿಯುವ ಭೀಮಾ ನದಿಯದೇ ಹೆಸರು. ಆ ಭೀಮೆಯೇ ಮುಂದೆ ಕಲಬುರಗಿ, ಯಾದಗಿರಿಗೆ ಬರುವುದು.

ಯಜಮಾನರ ಹೊಲದಲ್ಲಿ ಒಂದು ಕಾಂದಾ ಚಾಳ್ ಇದೆ. ನೋಡದವರಿಗಾಗಿ: ನೆಲದಿಂದ ಎರಡಡಿ ಎತ್ತರದಲ್ಲಿ ಪಟ್ಟಿ ಪಟ್ಟಿಯ ತಳ, ಸುತ್ತ ಪಟ್ಟಿಗಳದೇ ಗೋಡೆ, ಮೇಲೆ ಹೆಂಚು. ಅಗಲ ಬಹಳ ಕಡಿಮೆ, ಒಂದು ಬದಿಯ ಗಾಳಿ ಇನ್ನೊಂದು ಬದಿಗೆ ದಾಟಬೇಕು. ಮೊದಲ ಸಲ ಒಳಗೆ ತಲೆ ಹಾಕಿದಾಗ ನನಗೆ ನೆನಪಾದದ್ದು ಒಲೆಯ ಮೇಲಿನ ನಮ್ಮ ಮಾಡು. ಕೆಳಗಿನಿಂದ ಗಾಳಿ, ಪಕ್ಕದಿಂದ ಗಾಳಿ, ಮಣ್ಣಿಗೆ ತಾಗುವುದಿಲ್ಲ, ನೀರು ಸೋಕುವುದಿಲ್ಲ. ನಮ್ಮದರಲ್ಲಿ ಹೊಗೆ ಹೆಚ್ಚುವರಿ. ಕರಾವಳಿಯ ಮಳೆಗಾಲದ ತೇವಕ್ಕೆ ಬರೀ ಗಾಳಿ ಸಾಲದು. ಗ್ಯಾಸ್ ಬಂದ ಮೇಲೆ ಮಾಡಿನ ಕಾಯಿ ಸೋಣದ ತನಕ ನಿಲ್ಲುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದುದಕ್ಕೆ ಕಾರಣ ಅದೇ.

ಯಜಮಾನರು ಚಾಳಿಗೆ ತುಂಬುವುದು ಬೇಸಿಗೆಯ ಈರುಳ್ಳಿಯನ್ನು ಮಾತ್ರ. ಇಲ್ಲಿ ಮೂರು ಬೆಳೆ. ಮಳೆಗಾಲದಲ್ಲಿ ನೆಟ್ಟು ದೀಪಾವಳಿಯ ಸುಮಾರಿಗೆ ಬರುವುದು ಒಂದು, ಅದರ ಹಿಂದೆ ಬರುವ ರಾಂಗಡಾ ಇನ್ನೊಂದು. ಡಿಸೆಂಬರ್, ಜನವರಿಯಲ್ಲಿ ನೆಟ್ಟು ಏಪ್ರಿಲ್‌ನಲ್ಲಿ ಕೀಳುವ ಉನ್ಹಾಳಿ ಮೂರನೆಯದು. ಮೊದಲಿನದಕ್ಕೆ ಇಡುವ ಗುಣ ಇಲ್ಲ, ಕಿತ್ತ ಕೂಡಲೇ ಪೇಟೆಗೆ. ಉನ್ಹಾಳಿ ಮಾತ್ರ ಐದಾರು ತಿಂಗಳು ನಿಲ್ಲುತ್ತದೆ. ಏಕೆ ಎಂದು ಕೇಳಿದೆ. ಮಳೆಯಲ್ಲಿ ಬೆಳೆದದ್ದರ ಹೊಟ್ಟೆ ತುಂಬ ನೀರು, ಬಿಸಿಲಲ್ಲಿ ಮಾಗಿದ್ದರ ಮೈ ಗಟ್ಟಿ ಎಂದರು. ಕೀಳುವ ಹತ್ತು ಹದಿನೈದು ದಿನ ಮುಂಚೆ ನೀರು ನಿಲ್ಲಿಸುತ್ತಾರೆ, ಕಿತ್ತು ಹೊಲದಲ್ಲೇ ಅದರ ಸೊಪ್ಪನ್ನೇ ಹೊದಿಸಿ ಆರಿಸುತ್ತಾರೆ. ಆಮೇಲೆ ಕುತ್ತಿಗೆಯನ್ನು ಒಂದು ಇಂಚಿನಷ್ಟು ಬಿಟ್ಟು ಕತ್ತರಿಸುತ್ತಾರೆ. ಬುಡಕ್ಕೇ ಕತ್ತರಿಸಿದರೆ ಅಲ್ಲಿಂದ ಕೊಳೆ. ನನಗೆ ಬಸ್ಸಿನ ಹುಡುಗನ ಕೈಯಲ್ಲಿ ಉಳಿದ ತೊಟ್ಟು ಕಂಡಿತು.

ಚಾಳು ಖಾಲಿಯಾಗುವುದು ಅಕ್ಟೋಬರ್, ನವೆಂಬರ್‌ನಲ್ಲಿ, ಹೊಸ ಬೆಳೆ ಇನ್ನೇನು ಬರಬೇಕು ಎನ್ನುವಾಗ. ಅದು ಈರುಳ್ಳಿಯ ಆಟಿ. 2019ರಲ್ಲಿ ಅಕಾಲ ಮಳೆ ಹೊಸ ಬೆಳೆಯನ್ನು ಕೆಡಿಸಿದಾಗ ಡಿಸೆಂಬರ್‌ನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ಆ ಎರಡು ತಿಂಗಳು ದೇಶ ತಿನ್ನುವುದು ಏಪ್ರಿಲ್‌ನಲ್ಲಿ ಕಿತ್ತದ್ದನ್ನು. ಏಪ್ರಿಲ್‌ನಲ್ಲಿ ಕೀಳಬೇಕಾದರೆ ಜನವರಿಯೊಳಗೆ ನೆಡಬೇಕು, ಅದಕ್ಕೆ ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಸಸಿಮಡಿ ಮಾಡಬೇಕು. ಅಂದರೆ ಒಂದು ಅಕ್ಟೋಬರ್‌ನ ಊಟಕ್ಕೆ ಹಿಂದಿನ ಅಕ್ಟೋಬರ್‌ನಲ್ಲೇ ಬೀಜ.

ಇಲ್ಲಿ ನಾನು ಸ್ವಲ್ಪ ನಾಚಿಕೆಪಡಬೇಕು. ಕಾರ್ಖಾನೆಯಲ್ಲಿ ನಾನು ನೋಡಿಕೊಳ್ಳುವ ಸಾಫ್ಟ್‌ವೇರ್ ದಿನವಿಡೀ ಮಾಡುವ ಕೆಲಸ ಇದೇ. ಗಾಡಿ ಇಂಥ ದಿನ ಹೊರಡಬೇಕು, ಸೀಟು ಜೋಡಿಸಲು ಇಷ್ಟು ಗಂಟೆ, ಸೀಟು ಬರಲು ಇಷ್ಟು ದಿನ, ಆದ್ದರಿಂದ ಆರ್ಡರ್ ಇವತ್ತು. ಕೊಡಬೇಕಾದ ದಿನದಿಂದ ಹಿಂದಕ್ಕೆ ಎಣಿಸುವುದು. ಇದರ ಮೇಲೆ ಎಂ.ಟೆಕ್‌ನಲ್ಲಿ ಒಂದು ಪೇಪರ್ ಬರೆದು ಪಾಸಾಗಿದ್ದೇನೆ. ಅಮ್ಮ “ತಿನ್ನುವುದು ಯಾವಾಗ” ಎಂದು ಕೇಳಿದಾಗ ಮಾತ್ರ ಏನೂ ಹೊಳೆಯಲಿಲ್ಲ.

ಆ ರಾತ್ರಿ ಕ್ಯಾಲೆಂಡರ್ ಹಿಡಿದು ಕೂತೆ. ತಿನ್ನಬೇಕಾದದ್ದು ಆಟಿಯಲ್ಲಿ, ಆಗಸ್ಟ್ ನಡುವಿನ ತನಕ. ಚೆನ್ನಾಗಿ ಬಲಿತ ಕಾಯಿ ಮೂರು ತಿಂಗಳು ಧೈರ್ಯವಾಗಿ ನಿಲ್ಲುತ್ತದೆ, ಹಾಗಾದರೆ ಕೊಯ್ಲು ಮೇ ಮೂರನೆಯ ವಾರ. ಅದಕ್ಕಿಂತ ತಡವಾದರೆ ಮಳೆ ನೀರು ಕುಡಿಯುತ್ತದೆ. ಹೆಣ್ಣು ಹೂ ಕಟ್ಟಿದ ಮೇಲೆ ಕಾಯಿ ಬಲಿಯಲು 45ರಿಂದ 60 ದಿನ. ಹಾಗಾದರೆ ಏಪ್ರಿಲ್ 5ರೊಳಗೆ ಕಟ್ಟಿದ ಕಾಯಿ ಮಾಡಿಗೆ, ಆಮೇಲಿನದು ಎಳೆಯದಿರುವಾಗಲೇ ಪಲ್ಯಕ್ಕೆ. ಬೀಜ ಹಾಕಿ ಹೂ ಬರಲು 45, 50 ದಿನ. ಹಾಗಾದರೆ ಬಿತ್ತನೆ ಫೆಬ್ರವರಿ ಮೊದಲ ವಾರ. ಅದಕ್ಕಿಂತ ಹಿಂದೆ ಹೋದರೆ ಜನವರಿಯ ಚಳಿ. ಊರಲ್ಲಿ ಚಳಿಯ ಅಡ್ಡಿ ಇಲ್ಲ, ಡಿಸೆಂಬರ್‌ನಿಂದಲೇ ಬಾಗಿಲು ತೆರೆದಿರುತ್ತದೆ. ಚಾಕಣದಲ್ಲಿ ಅದು ತೆರೆದಿರುವುದು ಹದಿನೈದು ದಿನ. ಅಮ್ಮನ ತಾರೀಕು ಇಲ್ಲಿಗೆ ಹೊಂದುವುದಿಲ್ಲ, ಅಮ್ಮನ ಲೆಕ್ಕ ಹೊಂದುತ್ತದೆ.

ಫೆಬ್ರವರಿ 3ರಂದು ಆರು ಬೀಜ ಹಾಕಿದೆ. ಆರು ಡಬ್ಬಿಯಲ್ಲೇ ಉಳಿಸಿದೆ. ಏಳನೆಯ ದಿನ ಐದು ಎದ್ದವು.

ಆಜಿಗೆ ಆ ವರ್ಷ ಬೇಲಿ ಬದಿಗೆ ನೀರಿನ ಪೈಪ್ ಬಂದಿತ್ತು, ಅವರೂ ಬೇಸಿಗೆಗೇ ಭೋಪಳಾ ಹಾಕಿದ್ದರು. ಬೇಡ ಎನ್ನಲು ನಾನ್ಯಾರು? ಹಾಗಾಗಿ ಕೈಯಿಂದಲೇ ಪರಾಗ ಹಾಕಬೇಕಾಯಿತು. ಮರುದಿನ ಅರಳುವ ಮೊಗ್ಗಿನ ತುದಿ ಹಿಂದಿನ ಸಂಜೆ ಹಳದಿಯಾಗಿರುತ್ತದೆ. ಒಂದು ಗಂಡು, ಒಂದು ಹೆಣ್ಣು ಹುಡುಕಿ (ಹೆಣ್ಣಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ, ತಪ್ಪುವ ಹಾಗಿಲ್ಲ) ಎರಡರ ಬಾಯಿಗೂ ದಾರ ಕಟ್ಟಬೇಕು, ಜೇನು ನುಗ್ಗದಂತೆ. ಬೆಳಿಗ್ಗೆ ಆರಕ್ಕೆ ಗಂಡು ಹೂ ಕಿತ್ತು, ಎಸಳು ಸುಲಿದು, ಹೆಣ್ಣು ಹೂವಿನ ದಾರ ಬಿಚ್ಚಿ ಒಳಗೆ ಸವರಿ, ಮತ್ತೆ ಕಟ್ಟಬೇಕು. ಕಾಯಿಯ ತೊಟ್ಟಿಗೆ ಗುರುತಿನ ಕೆಂಪು ದಾರ. ಆರೂವರೆಗೆ ಕಂಪನಿಯ ಬಸ್ಸು. ಎರಡು ವಾರ ಮೂಗಿಗೆ ಹಳದಿ ಬಳಿದುಕೊಂಡು ಆಫೀಸಿಗೆ ಹೋಗಿದ್ದೇನೆ, ಒಂದು ದಿನ ಜರ್ಮನಿಯವರ ಜೊತೆಗಿನ ವಿಡಿಯೋ ಕಾಲ್‌ಗೂ. ಮಾರ್ಚ್ ಕೊನೆಯ ಸುಡುಬಿಸಿಲಿಗೆ ಬರೀ ಗಂಡು ಹೂಗಳ ಜಾತ್ರೆ. ಬಂದ ನಾಲ್ಕು ಹೆಣ್ಣು ಹೂಗಳಲ್ಲಿ ಎರಡು ಉದುರುತ್ತಿದ್ದವು. ಬುಡಕ್ಕೆ ಕಬ್ಬಿನ ರವದಿ ಹೊದಿಸಿದ ಮೇಲೆ ಸ್ವಲ್ಪ ತಡೆಯಿತು.

ಮೇ 10ಕ್ಕೆ ನೀರು ನಿಲ್ಲಿಸಿದೆ. ಮೇ 22ಕ್ಕೆ ಒಂಬತ್ತು ಕಾಯಿ ಕೊಯ್ದೆ, ನಾಲ್ಕು ಬೆರಳು ತೊಟ್ಟು ಬಿಟ್ಟು, ಕತ್ತಿಯಲ್ಲಿ. ನಾಲ್ಕಕ್ಕೆ ಕೆಂಪು ದಾರವಿತ್ತು. ಒಂದಕ್ಕೆ ಕತ್ತಿ ತಾಗಿ ಗಾಯವಾಯಿತು. ಅದು ಉಳಿಯುವುದಿಲ್ಲವೆಂದು ಆಜಿಯ ಸೊಸೆ ಅವತ್ತೇ ಬೆಲ್ಲ ಹಾಕಿ ಘಾರ್ಗೆ ಕರಿದರು. ಉಳಿದ ಎಂಟನ್ನು ತೊಳೆಯದೆ, ಒಣಬಟ್ಟೆಯಲ್ಲಿ ಒರೆಸಿ, ಹತ್ತು ದಿನ ಶೆಡ್ಡಿನ ನೆರಳಲ್ಲಿ ಬೆಚ್ಚಗೆ ಆರಲು ಬಿಟ್ಟೆ. ಸಣ್ಣಪುಟ್ಟ ಗೀರು ಮಾಯುವುದು, ತೊಟ್ಟು ಒಣಗುವುದು ಆಗಲೇ. ಆಮೇಲೆ ಈರುಳ್ಳಿಯ ನೆಟ್ ಚೀಲದಲ್ಲಿ ಒಂದೊಂದನ್ನೇ ಹಾಕಿ ಚಾಳಿನ ಅಡ್ಡಪಟ್ಟಿಗೆ ಬಿಗಿದೆ. ಬಾಳೆನಾರು ಇಲ್ಲಿ ಸಿಗಲಿಲ್ಲ.

ಆಜಿಗೆ ಇದೆಲ್ಲ ನೋಡಿ ನಗು. ಮಗಳನ್ನು ಕೂರಿಸಿಕೊಂಡು, ಹುಲಿ ನರಿಗಳ ಕಣ್ಣು ತಪ್ಪಿಸಲು ಭೋಪಳಾದ ಒಳಗೆ ಕೂತು ಉರುಳಿಕೊಂಡು ಮನೆಗೆ ಬಂದ ಮುದುಕಿಯ ಕಥೆ ಹೇಳುತ್ತಿದ್ದರು. ಈ ಊರಿನಲ್ಲೇ ಸಂಗ್ರಾಮದುರ್ಗ ಎಂಬ ಕೋಟೆ ಇದೆ. 1660ರ ಮಳೆಗಾಲದಲ್ಲಿ ಶಾಯಿಸ್ತಾ ಖಾನನ ಸೇನೆ ಮುತ್ತಿಗೆ ಹಾಕಿದಾಗ ಫಿರಂಗೋಜಿ ನರಸಾಳಾ ಎರಡು ತಿಂಗಳ ಹತ್ತಿರ ಅದನ್ನು ಹಿಡಿದು ನಿಂತ. ಜೂನ್‌ನಿಂದ ಆಗಸ್ಟ್, ಸರಿಯಾಗಿ ನಮ್ಮ ಆಟಿ ಮುಗಿಯುವ ತನಕ. ಚಾಳಿನಲ್ಲಿ ಕಾಯಿ ತಿರುಗಿಸಿ ನೋಡುವಾಗ ಅವನ ಉಗ್ರಾಣದ ಯೋಚನೆ ಬಂದದ್ದಿದೆ.

ವಾರಕ್ಕೊಮ್ಮೆ ಎಲ್ಲವನ್ನೂ ಮುಟ್ಟಿ ನೋಡುತ್ತಿದ್ದೆ, ತೊಟ್ಟಿನ ಬುಡವನ್ನು, ಅಡಿಯನ್ನು. ಜೂನ್ ಕೊನೆಗೆ ಕೆಂಪು ದಾರದ್ದೇ ಒಂದು ಮೆದುವಾಯಿತು. ಎಸೆಯಬೇಕಾಯಿತು. ಒಂದನ್ನು ಆಜಿಗೆ ಕೊಟ್ಟೆ. ಇನ್ನೊಂದು ಕೆಂಪು ದಾರದ ಕಾಯಿಯನ್ನು ಹೋಳು ಮಾಡಿದ್ದು ಕಳೆದ ಭಾನುವಾರ. ಇಟ್ಟ ಕಾಯಿ ಸಿಹಿಯಾಗುತ್ತಾ ಹೋಗುತ್ತದೆ, ಒಳಗಿನ ಪಿಷ್ಟ ನಿಧಾನವಾಗಿ ಸಕ್ಕರೆಯಾಗುತ್ತದೆ. ಬೀಜವೂ ಒಳಗೇ ಇನ್ನಷ್ಟು ಬಲಿಯುತ್ತದೆ. ಆದರೆ ಅತಿಯಾಗಿ ಇಟ್ಟರೆ ಹೊಟ್ಟೆಯಲ್ಲೇ ಮೊಳಕೆ. 214ರಲ್ಲಿ ಒಂದೂ ಮೊಳೆತಿರಲಿಲ್ಲ.

ಫ್ಲಾಟಿನಲ್ಲಿರುವವರಿಗೆ ಚಾಳೂ ಇಲ್ಲ, ಮಾಡೂ ಇಲ್ಲ. ತೊಟ್ಟು ಇರುವ, ಮೈ ಮಂಕಾಗಿರುವ, ಉಗುರು ಇಳಿಯದ ಇಡೀ ಕಾಯಿ ಸಿಕ್ಕರೆ ತನ್ನಿ. ಹಳೆ ಸೀರೆ ಸಿಂಬೆ ಸುತ್ತಿ ಅದರ ಮೇಲೆ ಕೂರಿಸಿ. ಗ್ರಾನೈಟ್, ಟೈಲ್ಸ್ ಬೇಡ, ಅಡಿಯಲ್ಲಿ ಬೆವರುತ್ತದೆ. ಬಾಳೆಹಣ್ಣು, ಸೇಬಿನ ಬುಟ್ಟಿಯ ಪಕ್ಕ ಇಡಬೇಡಿ, ಅವುಗಳಿಂದ ಹೊರಡುವ ಎಥಿಲೀನ್ ಇದರ ಆಯುಸ್ಸು ಕಡಿಮೆ ಮಾಡುತ್ತದೆ. ಇಡೀ ಕಾಯಿಗೆ ಫ್ರಿಜ್ ಬೇಡವೇ ಬೇಡ, ಹತ್ತು ಡಿಗ್ರಿಗಿಂತ ಕೆಳಗೆ ಅದಕ್ಕೆ ಪೆಟ್ಟು. ಹೋಳು ಮಾಡಿದ ಮೇಲೆ ಮಾತ್ರ ಫ್ರಿಜ್, ಅದೂ ನಾಲ್ಕೈದು ದಿನ.

ಭಾನುವಾರವೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತಟ್ಟೆ ತೋರಿಸಿದೆ. ಕನ್ನಡಕ ಹುಡುಕಿ ತಂದು, ಹತ್ತಿರ ಹಿಡಿ, ಇನ್ನೂ ಹತ್ತಿರ ಎಂದು ನೋಡಿದರು. ನೂರು ಬೀಜ ಕಳಿಸುತ್ತೇನೆ ಎಂದೆ. “ಇಲ್ಲಿ ಹಾಕುವುದು ಎಲ್ಲಿ, ಮಂಗ ಹಾಗೆಯೇ ಉಂಟಲ್ಲ” ಎಂದವರು ಸ್ವಲ್ಪ ಹೊತ್ತು ಬಿಟ್ಟು, ತಮ್ಮನ ಹೆಂಡತಿಯ ತವರಿನಲ್ಲಿ ಬಾವಿಕಟ್ಟೆಯ ಹತ್ತಿರ ನಾಯಿ ಇದೆ, ಅಲ್ಲಿಗೆ ಕೊಟ್ಟು ನೋಡಬಹುದು, ಐವತ್ತು ಸಾಕು ಎಂದರು. ಆಮೇಲೆ ಕೇಳಿದರು:

“ತೊಟ್ಟು ಎಷ್ಟು ಬಿಟ್ಟಿದ್ದಿ?”

“ನಾಲ್ಕು ಬೆರಳು.”

“ಹಾಂ.”

ಚಾಳಿನಲ್ಲಿ ಇನ್ನೂ ಐದಿವೆ, ಎರಡಕ್ಕೆ ದಾರ ಉಂಟು. ದಾರವಿಲ್ಲದ ಒಂದರ ಅಡಿ ನಿನ್ನೆಯಿಂದ ಸ್ವಲ್ಪ ಮೆದುವಾದಂತೆ ಕಾಣುತ್ತಿದೆ. ನಾಳೆ ಹುಳಿ.